ಸೋತವರು ಎದ್ದು ನಿಲ್ಲಬೇಕು

ಕಿಲ್ಡೀರ್ ಕ್ರೀಕ್ ಕಾಲೇಜು
14 ನವೆಂಬರ್ 1983

ಪ್ರಿಯ ಕೋಚ್ ವೋಲ್ಕ್‌ಮರ್,

ನಾಲ್ಕು ವರ್ಷ ನಿಮ್ಮ ಬೈಗುಳ ತಿಂದು ಡನ್‌ಮೋರ್ ಕಾಲೇಜಿಗೆ ಬಾಸ್ಕೆಟ್‌ಬಾಲ್ ಆಡಿದ ನೋರೀನ್ ಹಾಲ್ವರ್ಸನ್ ಈಗ ನಿಮ್ಮ ಎದುರಾಳಿ. ನೆಬ್ರಾಸ್ಕಾದ ಈ ಪಡುವಣ ತುದಿಯಲ್ಲಿ ನನ್ನ ಕೈಗೊಂದು ಹೆಣ್ಣುಮಕ್ಕಳ ತಂಡ ಕೊಟ್ಟಿದ್ದಾರೆ. ಇಪ್ಪತ್ಮೂರು ವರ್ಷಕ್ಕೇ ಕೋಚ್! ನೀವು ಬರೆದ ಶಿಫಾರಸು ಇಲ್ಲದಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲು ಅದಕ್ಕೆ ಧನ್ಯವಾದ, ಆಮೇಲೆ ಜಗಳ.

ಗಂಡುಮಕ್ಕಳ ತಂಡಕ್ಕೆ ಮಧ್ಯಾಹ್ನವೆಲ್ಲ ಜಿಮ್. ನಮಗೆ ಬೆಳಗಿನ ಐದೂವರೆ. ಬಿಸಿನೀರಿಗೆ ಆ ಹೊತ್ತಿಗೆ ಇನ್ನೂ ಎಚ್ಚರವಾಗಿರುವುದಿಲ್ಲ. ಅವರಿಗೆ ಬಸ್ಸು, ಚಾಲಕ, ಹೋಟೆಲಿನಲ್ಲಿ ಮಾಂಸದ ಊಟ. ನಮಗೆ ಎರಡು ಹಳೆಯ ವ್ಯಾನು, ಬ್ರೆಡ್ಡಿನ ನಡುವೆ ಹ್ಯಾಮ್. ಇದನ್ನೆಲ್ಲ ಡೀನ್ ಪ್ರೂವಿಟ್ ಅವರ ಮುಂದೆ ಇಟ್ಟೆ. ಸಮಾನ ಹಕ್ಕಿನ ಕಾನೂನು ಇದೆ ಎಂದೆ.

"ಕಾನೂನು ವಾಷಿಂಗ್ಟನ್‌ನಲ್ಲಿದೆ, ನಾವು ಇಲ್ಲಿದ್ದೀವಿ" ಎಂದರು. ಆಮೇಲೆ ಕುರ್ಚಿಗೆ ಒರಗಿ, "ಮುಚ್ಚುಮರೆ ಬೇಡ, ಮಿಸ್ ಹಾಲ್ವರ್ಸನ್. ಏಪ್ರಿಲ್‌ನಲ್ಲಿ ಟ್ರಸ್ಟಿಗಳು ಸೇರ್ತಾರೆ. ಹೆಣ್ಣುಮಕ್ಕಳ ತಂಡ ಇಟ್ಕೊಳ್ಳೋದಾ, ಮುಚ್ಚೋದಾ ಅಂತ ಅವತ್ತು ತೀರ್ಮಾನ. ಅಲ್ಲೀವರೆಗೆ ಹುಡುಗೀರನ್ನ ಖುಷಿಯಾಗಿಟ್ಟಿರಿ, ಸಾಕು" ಎಂದರು.

ಖುಷಿಯಾಗಿಡಬೇಕಂತೆ! ಇವರೇನು ಪಂಜರದ ಗಿಳಿಗಳೇ?

ಈಗ ಜಗಳಕ್ಕೆ ಬರುತ್ತೇನೆ. ಒಕ್ಕೂಟದ ನಿಯಮಗಳ ಪುಸ್ತಕ ಬಂತು. ಎಂಟು ಕಾಲೇಜುಗಳ ಈ ನಿಯೊಬ್ರಾರಾ ಒಕ್ಕೂಟ ಪ್ರತಿ ಮಾರ್ಚ್‌ನಲ್ಲಿ ಕೋಚ್‌ಗಳಿಗೆಲ್ಲ ಒಂದು ಊಟ ಹಾಕಿಸಿ 'ವರ್ಷದ ಕೋಚ್' ಎಂಬ ಪ್ರಶಸ್ತಿ ಕೊಡುತ್ತದಂತೆ. ನೀವು ಅಂಥ ಊಟಗಳಿಗೆ ಹನ್ನೆರಡು ವರ್ಷದಿಂದ ಹೋಗುತ್ತಿದ್ದೀರಿ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಅಪ್ಪ ದುಡಿದ ಮಾಂಸದ ಕಾರ್ಖಾನೆಯಲ್ಲೂ ಹೀಗೇ ಇತ್ತು. ನೂರು ಜನ ಮೂಳೆ ಕಡಿಯುತ್ತಿದ್ದರು, ವರ್ಷದ ಕೊನೆಗೆ ಮೇಸ್ತ್ರಿಗೆ ಕೈಗಡಿಯಾರ. ಕಾರ್ಮಿಕ ಸಂಘದ ಕೊಠಡಿಯಲ್ಲಿ ಬಿದ್ದಿರುತ್ತಿದ್ದ ಕಿರುಹೊತ್ತಿಗೆಗಳನ್ನು ನಾನು ಹನ್ನೆರಡನೇ ವಯಸ್ಸಿಗೇ ಓದಿ ಮುಗಿಸಿದ್ದೆ. ದುಡಿಯುವವರು ಹಲವರು, ಹೆಸರು ಒಬ್ಬರದು: ಇದು ಜಗತ್ತಿನ ಅತಿ ಹಳೆಯ ಕಳ್ಳತನ. ಓಡುವವರು ಹುಡುಗಿಯರು, ಬೆವರು ಹುಡುಗಿಯರದು, ಫಲಕ ಮಾತ್ರ ಕೋಟು ತೊಟ್ಟು ಬೆಂಚಿನ ಮೇಲೆ ಕೂತವರದು! ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ. ನಾನು ಯಾರ ಹೆಸರಿಗೂ ಮತ ಹಾಕುವುದಿಲ್ಲ. ಅಪ್ಪಿತಪ್ಪಿ ನನ್ನ ಹೆಸರು ಬಂದರೆ ಅಲ್ಲೇ ಎದ್ದು ತಿರಸ್ಕರಿಸುತ್ತೇನೆ.

ಒಂದು ಸಣ್ಣ ಸಹಾಯ. ನಮ್ಮವರು ಆಟದ ಅಂಗಳದಲ್ಲಿ ಬಾಯಿಯೇ ಬಿಡುವುದಿಲ್ಲ. ಒಬ್ಬರ ಬೆನ್ನಿಗೊಬ್ಬರು ಢಿಕ್ಕಿ ಹೊಡೆಯುತ್ತಾರೆ. ಏನು ಮಾಡಲಿ?

ನಿಮ್ಮ
ನೋರೀನ್

•

ಡನ್‌ಮೋರ್
26 ನವೆಂಬರ್ 1983

ನೋರೀನ್,

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಟರ್ಕಿ ಕೋಳಿ ಇನ್ನೂ ಅರ್ಧ ಉಳಿದಿದೆ. ಅದನ್ನು ತಿನ್ನುತ್ತಲೇ ನಿನ್ನ ಕಾಗದ ಓದಿದೆ. ಎರಡೂ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಂಡವು.

ಮೊದಲು ಆಟ. ಕಣ್ಣಿಗೆ ಬಟ್ಟೆ ಕಟ್ಟಿ ಚೆಂಡು ದಾಟಿಸಲು ಹೇಳು. ಬಾಯಿ ತಾನಾಗಿ ತೆರೆಯುತ್ತದೆ.

ಇನ್ನು ಪ್ರಶಸ್ತಿ. ನಿಯಮದ ಪುಸ್ತಕದಲ್ಲಿ ಎರಡೇ ಸಾಲು ಇದೆ, ಪದ್ಧತಿ ಅಷ್ಟೇ ಅಲ್ಲ. ನೀನು ಆಟಗಾರ್ತಿಯಾಗಿದ್ದಾಗ ಆ ಊಟಕ್ಕೆ ಬಂದವಳಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಯಾರೂ ತಮ್ಮ ಹೆಸರು ತಾವೇ ಹೇಳಿಕೊಳ್ಳುವಂತಿಲ್ಲ. ಗೆಳೆಯರು ಹೇಳುವಂತಿಲ್ಲ, ಡೀನ್ ಹೇಳುವಂತಿಲ್ಲ. ಆ ವರ್ಷ ನಿನ್ನ ಕೈಯಲ್ಲಿ ಸೋತ ಕೋಚ್ ಒಬ್ಬರು ಊಟದ ನಡುವೆ ಎದ್ದು ನಿಂತು, ನೀನು ಹೇಗೆ ಸೋಲಿಸಿದೆ ಎಂದು ಎಲ್ಲರ ಮುಂದೆ ಹೇಳಬೇಕು. ಸೋತವರು ಎದ್ದು ನಿಂತರೆ ಮಾತ್ರ ಹೆಸರು ಮತಕ್ಕೆ ಹೋಗುತ್ತದೆ. ಯಾರೂ ಏಳದ ವರ್ಷ ಪ್ರಶಸ್ತಿಯೇ ಇರಲಿಲ್ಲ. ಕಡುಬು ತಿಂದು ಮನೆಗೆ ಹೋದೆವು.

ಯಾವ ಮೇಸ್ತ್ರಿಗೂ ಕೈಗಡಿಯಾರ ಹೀಗೆ ಸಿಕ್ಕಿದ್ದು ನನಗೆ ಗೊತ್ತಿಲ್ಲ.

ಡೀನ್ ಜೊತೆ ನಿಲ್ಲಿಸಿ ನಿಲ್ಲಿಸಿ ಮಾತಾಡು. ನಿನ್ನ ಬಾಯಿ ಪ್ರೆಶರ್ ಕುಕ್ಕರ್.

ಆರ್ಡಿತ್ ವೋಲ್ಕ್‌ಮರ್

•

ಕಿಲ್ಡೀರ್ ಕ್ರೀಕ್
9 ಜನವರಿ 1984

ಪ್ರಿಯ ಕೋಚ್,

ಡಿಸೆಂಬರ್‌ನಲ್ಲಿ ನಿಮ್ಮ ಊರಿಗೆ ಬಂದು ಮೂವತ್ತೊಂದು ಅಂಕದಿಂದ ಸೋತೆವು. ಸೋಲಿಸಿದ್ದಲ್ಲದೆ ಮನೆಗೆ ಕರೆದು, ಮಾಂಸ, ಬೀನ್ಸ್ ಹಾಕಿದ ಬಿಸಿ ಬಿಸಿ ಚಿಲ್ಲಿ ಸಾರು, ಜೊತೆಗೆ ದಾಲ್ಚಿನ್ನಿಯ ಸುರುಳಿ ಬನ್ನು ಹೊಟ್ಟೆ ಬಿರಿಯುವಷ್ಟು ತಿನ್ನಿಸಿದಿರಿ. ನಮ್ಮ ಹುಡುಗಿಯರು ವ್ಯಾನಿನಲ್ಲಿ ಇಡೀ ದಾರಿ ಆ ಬನ್ನಿನ ಮಾತೇ ಆಡಿದರು, ಸೋಲಿನ ಮಾತು ಒಬ್ಬರೂ ಎತ್ತಲಿಲ್ಲ. ನನಗೆ ಹೊಟ್ಟೆ ಉರಿಯಿತು. ಆದರೂ ಆ ಊಟಕ್ಕೆ ಧನ್ಯವಾದ ಹೇಳಲೇಬೇಕು.

ಕ್ರಿಸ್‌ಮಸ್‌ಗೆ ಮುಂಚೆ ಆಡಿದ ಎಲ್ಲ ಪಂದ್ಯಗಳನ್ನೂ ಸೋತಿದ್ದೇವೆ. ಈಗ ಹೊಸ ದಾರಿ ಹಿಡಿದಿದ್ದೇನೆ. ತಂಡದಲ್ಲಿ ಇನ್ನು ಮುಖ್ಯ ಆಟಗಾರ್ತಿ ಎಂಬುದಿಲ್ಲ, ಬೆಂಚಿನವಳು ಎಂಬುದೂ ಇಲ್ಲ. ಹತ್ತು ಜನ, ಐದೈದರ ಎರಡು ಪಾಳಿ. ಒಂದು ಪಾಳಿ ಎರಡು ನಿಮಿಷ ಪ್ರಾಣ ಬಿಟ್ಟು ಓಡಬೇಕು, ಅಂಗಳದ ಉದ್ದಕ್ಕೂ ಎದುರಾಳಿಗೆ ಉಸಿರಾಡಲು ಬಿಡಬಾರದು. ಆಮೇಲೆ ಐವರೂ ಹೊರಗೆ, ಇನ್ನೈವರು ಒಳಗೆ. ಶ್ರಮ ಸಮ, ವಿಶ್ರಾಂತಿ ಸಮ. ಅಪ್ಪನ ಸಂಘ ಕೇಳಿದ್ದೂ ಇದನ್ನೇ.

ಹುಡುಗಿಯರಿಗೆ ಇನ್ನೂ ನಂಬಿಕೆ ಬಂದಿಲ್ಲ. "ಕೋಚ್, ಸಮಾನತೆ ಎಲ್ಲಾ ಸರಿ. ಆದ್ರೆ ಇವಳ ಕೈಗೆ ಚೆಂಡು ಕೊಟ್ರೆ ಬೆಣ್ಣೆ ಸವರಿದ ಹಾಗೆ ಜಾರುತ್ತಲ್ಲ, ಅದಕ್ಕೇನು ಮಾಡೋದು?" ಎಂದಳು ಒಬ್ಬಳು. "ನಿನ್ನ ಕೈಗೆ ಕೊಟ್ರೆ ಜಾರಲ್ಲ ಬಿಡು, ಸೀದಾ ಎದುರಾಳಿ ಕೈಗೇ ಹೋಗುತ್ತೆ" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಬಾಯಿ ಏನೋ ಬಂದಿದೆ. ಅದು ನನ್ನ ಮೇಲೇ ಬಂದಿದೆ.

ಡೀನ್ ಮತ್ತೆ ಕರೆದಿದ್ದರು. ಟ್ರಸ್ಟಿಗಳ ಮನಸ್ಸು ಮುಚ್ಚುವ ಕಡೆಗೇ ವಾಲಿದೆಯಂತೆ. ಐರಿಸ್ ಹೂವಿನ ಚಿತ್ರದ ಟೈ ಕಟ್ಟಿಕೊಂಡು ನಗುನಗುತ್ತಾ ಹೇಳಿದರು: "ಏನಾದ್ರೂ ಒಂದು ಗೌರವ ತನ್ನಿ, ನೋಡೋಣ. ಒಕ್ಕೂಟ ಶುರುವಾದಾಗಿಂದ 'ವರ್ಷದ ಕೋಚ್' ನಮ್ಮ ಕಾಲೇಜಿಗೆ ಬಂದೇ ಇಲ್ಲ. ಅದು ಬಂದ ವರ್ಷವೇ ತಂಡ ಮುಚ್ಚೋಕೆ ಟ್ರಸ್ಟಿಗಳಿಗೂ ಮುಖ ಇರಲ್ಲ." ಗೇಲಿ ಎಂದು ಗೊತ್ತು. ಬಾಗಿಲು ಹಾಕುವಾಗ ಅವರ ಕಾರ್ಯದರ್ಶಿಯೂ ನಗುತ್ತಿದ್ದಳು.

ನಾನು ಆ ಪ್ರಶಸ್ತಿಯ ಬಗ್ಗೆ ಏನೆಂದುಕೊಂಡಿದ್ದೇನೆಂದು ನಿಮಗೆ ಗೊತ್ತು. ಈಗ ನೋಡಿ, ಹತ್ತು ಹುಡುಗಿಯರ ಜುಟ್ಟನ್ನು ಅದಕ್ಕೇ ಕಟ್ಟಿಬಿಟ್ಟರು. ಅದನ್ನು ಬಯಸಿದರೆ ನನ್ನ ಮಾತಿಗೆ ನಾನೇ ದ್ರೋಹಿ. ಬಯಸದಿದ್ದರೆ ಇವರಿಗೆ ದ್ರೋಹಿ. ಬಯಸಿದರೂ ಏನು, ಒಬ್ಬರನ್ನೂ ಸೋಲಿಸದವಳಿಗೆ ಎದ್ದು ನಿಲ್ಲುವವರು ಯಾರು?

ನೋರೀನ್

•

ಡನ್‌ಮೋರ್
22 ಜನವರಿ 1984

ನೋರೀನ್,

ನಿನ್ನ ಕಾಗದದಲ್ಲಿ ಶ್ರಮ, ಪಾಳಿ, ಸಂಘ, ದ್ರೋಹ ಎಲ್ಲ ಇದೆ. 'ಹುಡುಗಿಯರು' ಎಂದು ಸಾಲಿಗೊಮ್ಮೆ ಇದೆ. ಒಬ್ಬಳ ಹೆಸರೂ ಇಲ್ಲ. ಡೀನ್ ಟೈ ಮೇಲಿನ ಹೂವಿಗೆ ಹೆಸರು ಇದೆ, ಬನ್ನಿಗೆ ಹೆಸರು ಇದೆ.

ನನ್ನ ಅಡುಗೆಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಪಾತ್ರೆ ತೊಳೆದವಳು ಯಾರು? ಉಳಿದವರನ್ನು ಕಣ್ಣಲ್ಲೇ ಕರೆದು ಒರೆಸಲು ಹಚ್ಚಿದಳಲ್ಲ, ಅವಳು. ಅವಳ ಮೇಲೆ ಒಂದು ಕಣ್ಣಿಡು.

ಇಲ್ಲಿ ಹಿಮ ಮೊಣಕಾಲಿನವರೆಗೆ. ನಾವು ಇನ್ನೂ ಯಾರಿಗೂ ಸೋತಿಲ್ಲ. ಅದೊಂದು ರೋಗ, ಹುಡುಗಿಯರಿಗೆ ಕಿವಿ ಕೇಳಿಸುವುದು ನಿಲ್ಲುತ್ತದೆ.

ಎ. ವಿ.

•

ಕಿಲ್ಡೀರ್ ಕ್ರೀಕ್
20 ಫೆಬ್ರವರಿ 1984

ಕೋಚ್ ವೋಲ್ಕ್‌ಮರ್,

ಶನಿವಾರ ನೀವು ನಮ್ಮೂರಿನಲ್ಲಿ ಸೋತಿರಿ. ಅರವತ್ತೆರಡು, ಐವತ್ತೊಂಬತ್ತು. ಹಿಮ ಬರುವ ಮುಂಚೆ ಹೊರಡಬೇಕೆಂದು ನನ್ನ ಕೈ ಕುಲುಕಿ ಹೋದಿರಿ. ಒಂದು ಮಾತೂ ಆಡಲಿಲ್ಲ.

ನಿಮ್ಮ ಕಾಗದ ಬಂದ ಮೇಲೆ ಹೆಸರುಗಳನ್ನು ಕಲಿತೆ. ಅಂದರೆ ಹೆಸರು ಮೊದಲೇ ಗೊತ್ತಿತ್ತು, ಜನ ಗೊತ್ತಿರಲಿಲ್ಲ. ಪಾತ್ರೆ ತೊಳೆದವಳು ಟ್ವೈಲಾ ನೆಡ್ರೋ. ಹಂದಿ ಸಾಕುವವರ ಮನೆಯ ಹಿರಿಮಗಳು, ಐದು ಜನ ತಮ್ಮ ತಂಗಿಯರನ್ನು ಶಾಲೆಗೆ ಹೊರಡಿಸಿ ಬೆಳೆದವಳು. ಎತ್ತರದವಳು ಐರಿಸ್ ರೆಡ್‌ವಿಲೋ. ನಾಲಿಗೆ ಕತ್ತರಿ, ಆದರೆ ಬುಟ್ಟಿಯ ಕೆಳಗೆ ಬಂಡೆ. ಬೆಣ್ಣೆ ಕೈಯವಳು ಲವೊನ್. ಈಗ ಬೆಣ್ಣೆ ಕರಗಿದೆ. ಫೆಬ್ರವರಿಯಲ್ಲಿ ನಾಲ್ಕು ಪಂದ್ಯ ಗೆದ್ದೆವು. ಸೇಂಟ್ ವೆಂಡೆಲ್ ಕಾಲೇಜಿನ ಕೋಚ್ ಬರ್ಡೆಟ್ ಅವರಂಥವರನ್ನೇ ಸೋಲಿಸಿದೆವು. ಊರಿನವರು ಬರತೊಡಗಿದರು. ಪೆಟ್ರೋಲ್ ಬಂಕಿನವರು ವ್ಯಾನಿನ ಗಾಜು ಪುಕ್ಕಟೆ ಒರೆಸಿಕೊಟ್ಟರು.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆಗುವುದಿಲ್ಲ.

ಪಂದ್ಯದಲ್ಲಿ ಎಂಟು ನಿಮಿಷ ಉಳಿದಿತ್ತು. ನೀವು ಆರು ಅಂಕ ಮುಂದಿದ್ದಿರಿ. ಆಗ ನಿಮ್ಮ ಅತ್ಯುತ್ತಮ ಐವರಲ್ಲಿ ಮೂವರನ್ನು ಕರೆದು ಕೂರಿಸಿದಿರಿ. ಯಾರಿಗೂ ಗಾಯವಾಗಿರಲಿಲ್ಲ. ಯಾರೂ ಫೌಲ್‌ಗಳ ಮಿತಿ ಮುಟ್ಟಿರಲಿಲ್ಲ. ನಾನು ನಾಲ್ಕು ವರ್ಷ ನಿಮ್ಮ ಬೆಂಚಿನಲ್ಲಿ ಕೂತವಳು. ಮುಂದಿರುವಾಗ ನೀವು ಕೊರಳು ಒತ್ತಿದ ಕೈ ಸಡಿಲಿಸಿದ್ದನ್ನು ಒಮ್ಮೆಯೂ ನೋಡಿಲ್ಲ. ಮತ್ತೆ ಅವರನ್ನು ಇಳಿಸುವ ಹೊತ್ತಿಗೆ ಆಟ ಕೈಬಿಟ್ಟಿತ್ತು.

ಸೋತವರು ಎದ್ದು ನಿಲ್ಲಬೇಕು ಎಂದು ನವೆಂಬರ್‌ನಲ್ಲಿ ಬರೆದಿರಿ. ಎದ್ದು ನಿಲ್ಲುವವರು ಯಾರು ಎಂದು ನಾನು ಜನವರಿಯಲ್ಲಿ ಕೇಳಿದೆ. ಫೆಬ್ರವರಿಯಲ್ಲಿ ನೀವು ಸೋತಿರಿ. ಕೂಡಿ ಕಳೆಯಲು ನನಗೂ ಬರುತ್ತದೆ.

ನನಗೆ ಭಿಕ್ಷೆ ಬೇಡ, ಕೋಚ್. ಇಡೀ ಜಿಮ್ ಕುಣಿಯುತ್ತಿತ್ತು, ಮುದುಕರು ಟೊಪ್ಪಿ ಎಸೆಯುತ್ತಿದ್ದರು, ನಾನೊಬ್ಬಳು ಬೆಂಚಿನ ಮೇಲೆ ನಾಚಿ ಕೂತಿದ್ದೆ. ಮೇಲಿನವರು ಕನಿಕರಪಟ್ಟು ಕೊಟ್ಟದ್ದು ಕೆಳಗಿನವರ ಗೆಲುವಲ್ಲ. ಇದು ಹೊತ್ತಿಗೆಯಲ್ಲಿ ಓದಿದ್ದಲ್ಲ, ಅವತ್ತು ಹೊಟ್ಟೆಯಲ್ಲಿ ಗೊತ್ತಾಯಿತು.

ಇದನ್ನು ಹುಡುಗಿಯರಿಗೆ ಹೇಳಿಲ್ಲ. ಹೇಳುವ ಧೈರ್ಯ ಇಲ್ಲ.

ನೋರೀನ್ ಹಾಲ್ವರ್ಸನ್

•

ಕಿಲ್ಡೀರ್ ಕ್ರೀಕ್
2 ಮಾರ್ಚ್ 1984

ಕೋಚ್ ವೋಲ್ಕ್‌ಮರ್,

ಉತ್ತರವಿಲ್ಲ. ಮೌನ ಒಪ್ಪಿಗೆ ಎಂದು ತಿಳಿದೆ. ಹತ್ತನೇ ತಾರೀಖಿನ ಒಕ್ಕೂಟದ ಊಟಕ್ಕೆ ನಾನು ಬರುವುದಿಲ್ಲ. ಡೀನ್ ಪ್ರೂವಿಟ್ ಮಾತ್ರ ಬರುತ್ತಾರೆ. ಅವರಿಗೆ ಊಟ ಇಷ್ಟ. ನನ್ನ ಪರವಾಗಿ ನೀವು ಏಳಬೇಡಿ. ತಂಡ ಉಳಿಯುವುದಾದರೆ ನೆಟ್ಟಗೆ ಉಳಿಯಲಿ, ಮುಚ್ಚುವುದಾದರೆ ನೆಟ್ಟಗೆ ಮುಚ್ಚಲಿ.

ನೋ. ಹಾ.

•

ಡನ್‌ಮೋರ್
5 ಮಾರ್ಚ್ 1984

ನೋರೀನ್,

ತಡವಾಯಿತು. ಬರೆದು ಬರೆದು ಹರಿದೆ. ಪ್ರತಿ ಸಲವೂ ಬೈಗುಳ ಹೆಚ್ಚಾಗುತ್ತಿತ್ತು. ಇದರಲ್ಲೂ ಕಮ್ಮಿ ಏನಿಲ್ಲ, ಕೂತು ಓದು.

ನಾನು ಆಟ ಬಿಟ್ಟುಕೊಟ್ಟೆ ಎಂದು ನೀನು ಹೇಳುತ್ತೀ. ಬಿಟ್ಟುಕೊಡಲು ಅದು ನನ್ನದೇ? ನನ್ನ ಹುಡುಗಿಯರು ಅಕ್ಟೋಬರ್‌ನಿಂದ ಬೆವರು ಹರಿಸಿ ಕಟ್ಟಿಕೊಂಡದ್ದು. ಅವರಿಗೆ ತಿಳಿಯದಂತೆ ಅದನ್ನು ತೆಗೆದು ನಿನ್ನ ಮಡಿಲಿಗೆ ಹಾಕಿದ್ದರೆ ನಾನು ಕಳ್ಳಿ. ನನ್ನನ್ನು ಮುದುಕಿ ಅನ್ನು, ಮೊಂಡಿ ಅನ್ನು. ಆ ಮಾತು ಮಾತ್ರ ಇನ್ನೊಮ್ಮೆ ಬರೆಯಬೇಡ.

ಮೂವರನ್ನು ಯಾಕೆ ಕೂರಿಸಿದೆ? ಅವರ ಕೈ ನೋಡಿದೆಯಾ? ಆಟ ನಿಂತಾಗಲೆಲ್ಲ ಬಗ್ಗಿ ಚಡ್ಡಿಯ ಅಂಚು ಹಿಡಿದು ನಿಲ್ಲುತ್ತಿದ್ದರು. ಚಡ್ಡಿ ಹಿಡಿದವಳ ಕಾಲಿನ ಕಸುವು ಮುಗಿದಿದೆ, ಅವಳನ್ನು ಕೂರಿಸು ಎಂದು ನಿನಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಹೇಳಿಕೊಟ್ಟವಳು ನಾನೇ. ನಿನ್ನವರು ಎರಡು ನಿಮಿಷಕ್ಕೊಮ್ಮೆ ಹೊಸ ಐವರಾಗಿ ಬರುತ್ತಿದ್ದರು. ನನ್ನವರಿಗೆ ಅದೇ ಕಾಲು, ಅದೇ ಶ್ವಾಸ. ಅವರು ಎಸೆದ ಚೆಂಡು ಬುಟ್ಟಿಯ ಅಂಚಿಗೂ ಮುಟ್ಟುತ್ತಿರಲಿಲ್ಲ. ಮೂರು ನಿಮಿಷ ಕೂತರೆ ಉಸಿರು ಬಂದೀತು ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕ ತಪ್ಪಿತು. ಸೋತೆ. ಕೋಚ್‌ಗಳು ಸೋಲುವುದು ಹೀಗೇ.

ಇನ್ನೂ ಒಂದು. ಆ ಎಂಟು ನಿಮಿಷ ನಿನ್ನವರನ್ನು ಬದಲಿಸಿದ್ದು ಯಾರು ಎಂದುಕೊಂಡಿದ್ದೀ? ನೀನು ಬಾಯಿ ತೆರೆದದ್ದನ್ನೇ ನಾನು ನೋಡಲಿಲ್ಲ. ನಿನ್ನ ಟ್ವೈಲಾ ಮುಷ್ಟಿ ಎತ್ತುತ್ತಿದ್ದಳು, ಬೆಂಚಿನ ಐವರು ಎದ್ದು ಹೋಗಿ ಸಿದ್ಧರಾಗುತ್ತಿದ್ದರು. ಆ ಎತ್ತರದ ಹುಡುಗಿ ನನ್ನ ಹುಡುಗಿಯ ಕಿವಿಯಲ್ಲಿ, "ಸುಸ್ತಾಯ್ತಾ ಕಣೇ? ನೀರು ತರ್ಲಾ? ನಮ್ಮವರು ಇನ್ನೂ ಐದು ಜನ ಹೊರಗೆ ಕೂತಿದ್ದಾರೆ" ಎನ್ನುತ್ತಿದ್ದಳಂತೆ. ನನ್ನವಳು ವ್ಯಾನಿನಲ್ಲಿ ಇದನ್ನು ಹೇಳಿ ಅತ್ತಳು, ಆಮೇಲೆ ನಕ್ಕಳು. ಆಗ ನೀನು ಏನು ಮಾಡುತ್ತಿದ್ದೆ? ಅಂಗಳ ಬಿಟ್ಟು ನನ್ನ ಬೆಂಚು ನೋಡುತ್ತಿದ್ದೆ. ನಾನೂ ನಿನ್ನನ್ನು ನೋಡಿದೆ. ಹಳೆಯ ಕೋಚ್ ಏನು ಮಾಡುತ್ತಾಳೆ ಎಂದು ಹುಡುಕುತ್ತಿದ್ದ ಹಳೆಯ ಆಟಗಾರ್ತಿಯ ಮುಖ ಅದು.

ದುಡಿಯುವವರು ಹಲವರು, ಶಕ್ತಿ ಅವರದು ಎಂದು ನನಗೆ ನಾಲ್ಕು ವರ್ಷ ಪಾಠ ಹೇಳಿದವಳು ನೀನು. ವ್ಯಾನಿನಲ್ಲಿ, ಊಟದ ಮೇಜಿನಲ್ಲಿ, ಶವರಿನ ಬಾಗಿಲಲ್ಲೂ ಬಿಡಲಿಲ್ಲ. ಹತ್ತು ಹುಡುಗಿಯರು ಸೇರಿ ಒಬ್ಬ ಮುದುಕಿಯನ್ನು ಮಣಿಸಿದರು. ಅದನ್ನು ನಂಬದೆ ಹೋದವಳು ಆ ಜಿಮ್ಮಿನಲ್ಲಿ ನೀನೊಬ್ಬಳೇ.

ಊಟಕ್ಕೆ ಬರುವುದೂ ಬಿಡುವುದೂ ನಿನ್ನಿಷ್ಟ. ಏಳುವುದೂ ಕೂರುವುದೂ ನನ್ನಿಷ್ಟ.

ಆರ್ಡಿತ್ ವೋಲ್ಕ್‌ಮರ್

•

ಡನ್‌ಮೋರ್
12 ಮಾರ್ಚ್ 1984

ನೋರೀನ್,

ನಿನ್ನ ಕಡೆ ಹಿಮಗಾಳಿ ಎದ್ದು ಹೆದ್ದಾರಿ ಮುಚ್ಚಿತ್ತು ಎಂದು ರೇಡಿಯೊದಲ್ಲಿ ಕೇಳಿದೆ. ನೀನು ಬರಲಿಲ್ಲ. ಹಿಮದಿಂದ ಎಂದುಕೊಂಡಿದ್ದೇನೆ, ಬೇರೆ ಕಾರಣ ಬರೆಯಬೇಡ.

ಎದ್ದೆ, ಎರಡು ಮಾತು ಹೇಳಿದೆ, ಕೂತೆ. ಪ್ರಶಸ್ತಿ ನಿನಗೆ ಬಂತು. ಫಲಕವನ್ನು ಬರ್ಡೆಟ್ ತರುತ್ತಾನೆ. ನಿನ್ನ ಕಡೆಯ ಹೈಸ್ಕೂಲೊಂದರಲ್ಲಿ ತಂಡಕ್ಕೆ ಸೇರಿಸಿಕೊಳ್ಳಲು ಅವನಿಗೆ ಯಾವುದೋ ಎತ್ತರದ ಆಟಗಾರ್ತಿ ಕಣ್ಣಿಗೆ ಬಿದ್ದಿದ್ದಾಳಂತೆ. ಕಡುಬು ಚೆರ್ರಿ ಹಣ್ಣಿನದು, ತಳ ಹಸಿ ಇತ್ತು.

ಎ. ವಿ.

•

ಕಿಲ್ಡೀರ್ ಕ್ರೀಕ್
18 ಏಪ್ರಿಲ್ 1984

ಪ್ರೀತಿಯ ಕೋಚ್,

ಒಂದು ತಿಂಗಳು ಬರೆಯದೆ ಕೂತದ್ದು ಕೋಪದಿಂದಲ್ಲ. ಟ್ರಸ್ಟಿಗಳ ತೀರ್ಮಾನ ಬರುವವರೆಗೆ ಏನು ಬರೆದರೂ ಅರ್ಧ ಮಾತಾಗುತ್ತಿತ್ತು. ಜೊತೆಗೆ, ನಿಜ ಹೇಳುತ್ತೇನೆ, ಮುಖ ಇರಲಿಲ್ಲ.

ಹೆದ್ದಾರಿ ಮುಚ್ಚಿದ್ದು ನಿಜ. ನಿಮ್ಮ ಐದನೇ ತಾರೀಖಿನ ಕಾಗದ ಓದಿ, ವ್ಯಾನು ತೆಗೆದು ಹೊರಟಿದ್ದೆ. ಪೊಲೀಸಿನವರು ಇಪ್ಪತ್ತು ಮೈಲಿಯಾಚೆ ತಡೆದು ಹಿಂದಕ್ಕೆ ಕಳಿಸಿದರು. ಇದನ್ನು ನಂಬಿ.

ಕೋಚ್ ಬರ್ಡೆಟ್ ಫಲಕ ತಂದರು. ನಮ್ಮ ಜಿಮ್ಮಿನ ಮೆಟ್ಟಿಲ ಮೇಲೆ ಆ ದಡೂತಿ ಮೈ ಕುಳ್ಳಿರಿಸಿ, ನಾನು ಕೊಟ್ಟ ಕಾಫಿಗೆ ಮುಖ ಕಿವುಚಿ, "ನಿನ್ನ ಗುರು ನಿನಗೆ ಏನಂತ ಬರೆದ್ಲು?" ಎಂದು ಕೇಳಿದರು.

"ಎದ್ದೆ, ಎರಡು ಮಾತು ಹೇಳಿದೆ, ಕೂತೆ ಅಂತ."

"ಸುಳ್ಳುಬುರುಕಿ!" ಎಂದು ತೊಡೆ ತಟ್ಟಿಕೊಂಡು ನಕ್ಕರು. "ಎರಡು ಮಾತಾ? ಕೇಳು. ನಿಂತ್ಕೊಂಡು ಹೇಳಿದ್ಲು: ಡಿಸೆಂಬರ್‌ನಲ್ಲಿ ನಾನು ನೋರೀನ್‌ನ ಮೂವತ್ತೊಂದು ಅಂಕದಿಂದ ಸೋಲಿಸಿದೆ, ಫೆಬ್ರವರಿಯಲ್ಲಿ ಇವಳು ನನ್ನನ್ನ ಸೋಲಿಸಿದ್ಲು. ನಡುವೆ ಇವಳಿಗೆ ಒಬ್ಬಳೂ ಹೊಸ ಆಟಗಾರ್ತಿ ಬರ್ಲಿಲ್ಲ. ಬೆಳಗಾಗೋ ಮುಂಚೆ ತಣ್ಣೀರಲ್ಲಿ ಮುಖ ತೊಳ್ಕೊಂಡು ಕಲಿತಿದ್ದಾರೆ. ನನ್ನ ಬೆಂಚಿನ ಹುಡುಗೀರು ಆಡೋ ಅವಕಾಶಕ್ಕೆ ಕಾಯ್ತಾರೆ, ಇವಳ ಹತ್ರ ಕಾಯೋರೇ ಇಲ್ಲ, ಹತ್ತೂ ಜನ ಆಡ್ತಾರೆ. ನನ್ನ ಬುದ್ಧಿಗೆ ಇದು ಇಷ್ಟು ವರ್ಷ ಹೊಳೀಲಿಲ್ಲ. ಇಂಥ ಪಾಠಶಾಲೆ ಮುಚ್ಚಬೇಕು ಅನ್ನೋರು ಯಾರಾದ್ರೂ ಈ ಕೋಣೇಲಿ ಕೂತು ಕಡುಬು ತಿಂತಾ ಇದ್ರೆ, ಮೊದ್ಲು ನನ್ನ ಹುಡುಗೀರನ್ನ ಹೋಗಿ ಕೇಳ್ಲಿ ಅಂದ್ಲು. ನಿಮ್ಮ ಡೀನ್ ಬಾಯಲ್ಲಿ ಕಡುಬು ಅಲ್ಲೇ ನಿಂತ್ಹೋಯ್ತು, ಪಾಪ! ಅತ್ತ ನುಂಗೋ ಹಾಗಿಲ್ಲ, ಇತ್ತ ಉಗಿಯೋ ಹಾಗಿಲ್ಲ."

ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿ ಹೇಳಿದ್ದನ್ನು ನೀವು ನನಗೆ ಹೇಳಲೇ ಇಲ್ಲ.

"ಎದ್ದವರ ಹೆಸರು ಆ ವರ್ಷ ಮತಕ್ಕೆ ಹೋಗಲ್ಲ. ಅದೂ ಪದ್ಧತಿನೇ. ಈ ವರ್ಷ ಅವಳ ಕೈಲಿ ಸೋಲದೇ ಇರೋರು ಯಾರಿದ್ರು? ನಾನು ಎದ್ದು ಅವಳ ಹೆಸರು ಹೇಳೋಕೆ ಅಂತ ಹೊಸ ಕೋಟು ಹಾಕ್ಕೊಂಡು ಬಂದಿದ್ದೆ. ಕುರ್ಚಿ ಹಿಂದಕ್ಕೆ ತಳ್ಳೋಷ್ಟರಲ್ಲಿ ಅವಳೇ ಎದ್ದುಬಿಟ್ಲು. ಹನ್ನೆರಡು ವರ್ಷದಲ್ಲಿ ಅವಳಿಗೆ ಅದು ಒಂದ್ಸಲನೂ ಬಂದಿಲ್ಲ ಕಣಮ್ಮಾ. ಇದು ಅವಳ ವರ್ಷ ಆಗಿತ್ತು."

ಬರ್ಡೆಟ್ ಕಾಫಿ ಮುಗಿಸಿ, ನನ್ನ ತಲೆ ತಟ್ಟಿ ಹೋದರು.

ನಿಮಗೆ ಏನೆಂದು ಬರೆಯಲಿ? 'ಇದು ಭಿಕ್ಷೆ' ಎಂದು ಈ ಸಲ ಬರೆಯುವುದಿಲ್ಲ. ನಿಮ್ಮ ಉತ್ತರ ಈಗಲೇ ಕೇಳಿಸುತ್ತಿದೆ: ಆಟ ನನ್ನ ಹುಡುಗಿಯರದು, ಅದನ್ನು ಕೊಡಲಾರೆ, ಮಾತು ನನ್ನದು, ಅದನ್ನು ಯಾರಿಗೆ ಬೇಕಾದರೂ ಕೊಡುತ್ತೇನೆ. ಸರಿಯೇ? ನಾನು ಓದಿದ ಹೊತ್ತಿಗೆಗಳಲ್ಲಿ ಕಸಿಯುವವರ ವಿಷಯ ಬೇಕಾದಷ್ಟಿದೆ. ತನ್ನ ಸರದಿ ಬಂದ ದಿನವೇ ಎದ್ದು ಇನ್ನೊಬ್ಬಳ ಹೆಸರು ಹೇಳುವವಳ ವಿಷಯ ಒಂದರಲ್ಲೂ ಇಲ್ಲ. ಆ ಹೊತ್ತಿಗೆಗಳನ್ನು ನಾನು ಎಸೆಯುವುದಿಲ್ಲ, ಅವು ಹೇಳುವುದು ನಿಜವೇ. ಆದರೆ ಅವುಗಳಲ್ಲಿ ಇನ್ನೊಂದು ಅಧ್ಯಾಯ ಬೇಕು.

ನಿನ್ನೆ ಟ್ರಸ್ಟಿಗಳು ಸೇರಿದ್ದರು. ತಂಡ ಉಳಿಯಿತು. ಡೀನ್ ಪ್ರೂವಿಟ್ ನನ್ನನ್ನು ಕರೆದು, ಇದೆಲ್ಲ ಮೊದಲಿಂದಲೂ ತಮ್ಮದೇ ಯೋಜನೆ ಎಂಬಂತೆ ಕೈ ಕುಲುಕಿದರು. ವಾರಕ್ಕೆರಡು ಮಧ್ಯಾಹ್ನ ಜಿಮ್ ಕೊಡುತ್ತಾರಂತೆ. ಐದು ಕೇಳಿದೆ. "ನಿಮ್ಮ ಕೋಚೂ ಹೀಗೇನಾ?" ಎಂದರು. "ಇಲ್ಲ ಸಾರ್, ಅವರು ಇನ್ನೂ ಕೆಟ್ಟವರು" ಎಂದೆ.

ಅಲ್ಲಿಂದ ಸೀದಾ ಜಿಮ್ಮಿಗೆ ಹೋದೆ. ಎಲ್ಲರೂ ಕಾಯುತ್ತಿದ್ದರು. ಉಳಿಯಿತು ಎಂದೆ. ಕಿರುಚಾಟ ಅಡಗಿದ ಮೇಲೆ ಎಲ್ಲರನ್ನೂ ನೆಲದ ಮೇಲೆ ಕೂರಿಸಿ, ಫೆಬ್ರವರಿಯ ಆ ಸಂಜೆ ನಾನು ಅಂದುಕೊಂಡದ್ದನ್ನು, ನಿಮಗೆ ಬರೆದದ್ದನ್ನು ಹೇಳಿದೆ. ಡನ್‌ಮೋರ್ ಕೋಚ್ ಕನಿಕರದಿಂದ ಸೋತುಕೊಟ್ಟರು ಎಂದು ನಂಬಿದ್ದೆ, ನಿಮ್ಮ ಹತ್ತೂ ಜನರನ್ನು ನಂಬಲಿಲ್ಲ ಎಂದೆ.

ಅಳುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದುಕೊಂಡೆ.

"ಅಂದ್ರೆ," ಎಂದಳು ಐರಿಸ್ ನಿಧಾನವಾಗಿ, "ನಾವು ಗೆದ್ದಿದ್ದು ಕೋಚ್‌ಗೆ ಎರಡು ತಿಂಗಳಾದ್ಮೇಲೆ ಗೊತ್ತಾಯ್ತು ಅಂತಾಯ್ತು."

"ಪೇಪರ್ ಓದಲ್ವಾ ಕೋಚ್ ನೀವು?" ಎಂದಳು ಲವೊನ್.

ಅಷ್ಟೇ. ಒಬ್ಬಳ ಮೇಲೊಬ್ಬಳು ಬಿದ್ದು ನಕ್ಕರು. ನಾನು ಇಷ್ಟು ದಿನ ಎದೆಯ ಮೇಲೆ ಹೊತ್ತು ತಿರುಗಿದ ಕಲ್ಲು ಅವರಿಗೆ ನಗೆಚಾಟಿಕೆ. ಗೆದ್ದದ್ದು ತಾವೇ ಎಂಬುದರಲ್ಲಿ ಅವರಿಗೆ ಒಂದು ಕ್ಷಣವೂ ಅನುಮಾನ ಇರಲಿಲ್ಲ, ಕೋಚ್. ನನ್ನ ಒಪ್ಪಿಗೆಗೆ ಯಾರೂ ಕಾದಿರಲಿಲ್ಲ.

ಫಲಕದ ಮೇಲೆ ನನ್ನ ಹೆಸರೊಂದೇ ಇದೆ, ಇದನ್ನು ತಿರಸ್ಕರಿಸುವುದೋ ಏನು ಮಾಡುವುದೋ ಎಂದು ಅವರನ್ನೇ ಕೇಳಿದೆ. ಟ್ವೈಲಾ ನನ್ನನ್ನು ಸಣ್ಣ ತಂಗಿಯನ್ನು ನೋಡುವಂತೆ ನೋಡಿ, "ಕೊಟ್ಟಿದ್ದನ್ನ ಥ್ಯಾಂಕ್ಸ್ ಹೇಳಿ ಇಟ್ಕೊಳ್ಳಿ ಕೋಚ್. ಅದಕ್ಕೂ ಒಂದು ಸಭೆ ಬೇಕಾ?" ಎಂದಳು.

ಆದ್ದರಿಂದ ಇಟ್ಟುಕೊಂಡಿದ್ದೇನೆ. ಧನ್ಯವಾದ, ಕೋಚ್. ಈ ಮಾತಿನ ಹಿಂದೆ ಈ ಸಲ ಜಗಳ ಇಲ್ಲ.

ಈ ಕಾಗದ ಬರೆಯುತ್ತಿದ್ದೇನೆಂದು ಗೊತ್ತಾಗಿ ಎಲ್ಲರೂ ನನ್ನ ಸಣ್ಣ ಕೋಣೆಗೆ ನುಗ್ಗಿದ್ದಾರೆ. ತಮ್ಮದೂ ಒಂದು ಸಾಲು ಸೇರಿಸಲೇಬೇಕಂತೆ. ಅವರು ಹೇಳಿದಂತೆಯೇ ಬರೆಯುತ್ತೇನೆ:

"ಕೋಚ್ ವೋಲ್ಕ್‌ಮರ್ ಅವರಿಗೆ, ಡಿಸೆಂಬರ್‌ನಲ್ಲಿ ನಿಮ್ಮೂರಿಗೆ ಬರ್ತೀವಿ. ಹೊಸಬರು ಇಬ್ಬರು ಸೇರ್ತಿದ್ದಾರೆ, ಹನ್ನೆರಡು ಜನ ಆಗ್ತೀವಿ. ನಿಮ್ಮ ಹುಡುಗೀರಿಗೆ ಈಗಿಂದ್ಲೇ ಓಡೋಕೆ ಹೇಳಿ."

ನಿಮ್ಮ
ನೋರೀನ್